ಕ್ಯಾಮೆರಾಕ್ಕೆ ಸೂತಕ

ನಾನು ಅಜ್ಜಿಯಾದೆ! ಮೊನ್ನೆ ಸೋಮವಾರ ಬೆಳಗ್ಗೆ ಹಾಲು ಕರೆಯುವ ಹೊತ್ತಿಗೆ ನಮ್ಮ ಮಗಳು ಗಿರಿಜೆ ಮನೆಯಲ್ಲೇ ಹೆಣ್ಣು ಮಗು ಹೆತ್ತಳು. ತಾಯಿ ಚೆನ್ನಾಗಿದ್ದಾಳೆ, ಮಗು ಚೆನ್ನಾಗಿದೆ, ಅತ್ತರೆ ಬೀದಿಯ ಆ ತುದಿಯವರೆಗೆ ಕೇಳಿಸುತ್ತದೆ. ನರ್ಸಮ್ಮ ಬಟ್ಟೆಯಲ್ಲಿ ಸುತ್ತಿ ಕೈಗೆ ಕೊಟ್ಟಾಗ ಹಾಗೇ ಹೂವಿನ ಬುಟ್ಟಿಯ ಪಕ್ಕ ಕೂತುಬಿಟ್ಟೆ. ಆಮೇಲೆ ಬುಟ್ಟಿಯಲ್ಲಿದ್ದ ಮಲ್ಲಿಗೆಯನ್ನೆಲ್ಲ ಕೇಳಿದವರಿಗೂ ಕೇಳದವರಿಗೂ ಹಂಚಿದೆ.

"ಏ, ದೇವಸ್ಥಾನಕ್ಕಾದ್ರೂ ಒಂದು ಮಾರು ಉಳಿಸೇ," ಅಂದರು ನಮ್ಮ ಯಜಮಾನರು.

"ದೇವರಿಗೆ ನಾಳೆ," ಅಂದೆ. ಅವರು ನಕ್ಕರು. ಅವರ ಕಣ್ಣಲ್ಲೂ ನೀರಿತ್ತು.

ಹೀಗೆ ಹಂಚುತ್ತಾ ಹಂಚುತ್ತಾ ನಮ್ಮ ಪೇಟೆಯ ಸ್ಟುಡಿಯೋ ಮೆಟ್ಟಿಲ ಹತ್ತಿರ ಬಂದಿದ್ದೆ. ಮೇಲೆ ನೋಡಿ, "ಸಾಬ್ರೇ, ಆತು ನೋಡ್ರಿ!" ಎಂದು ಕೂಗಲು ಬಾಯಿ ತೆರೆದೆ. ಬಾಗಿಲಿಗೆ ಬೀಗ ಇತ್ತು. ಬೀಗ ಆಷಾಢದಿಂದ ಇದೆ. ಅದು ನನಗೆ ಗೊತ್ತಿಲ್ಲದ್ದೇನಲ್ಲ. ಆದರೂ ಆ ಸಂತೋಷದಲ್ಲಿ ಸಾಬರು ಸತ್ತಿದ್ದಾರೆ ಅನ್ನುವುದು ಒಂದು ಗಳಿಗೆ ಮರೆತೇಹೋಗಿತ್ತು.

ಈ ಮಗುವಿಗಾಗಿ ನಾನು ಕಾದೆ, ಗಿರಿಜೆ ಕಾದಳು, ಅವಳ ಗಂಡ ಕಾದ. ನಮ್ಮೆಲ್ಲರಷ್ಟೇ ಕಾದವರು ಈ ಫೋಟೋ ಸಾಬರು. ನಮ್ಮ ಜಾತಿಯಲ್ಲ, ನೆಂಟರಲ್ಲ. ಆದರೂ ಕಾದರು. ಗಿರಿಜೆಗೆ ಅವರು ಹೋದ ಸುದ್ದಿ ಇನ್ನೂ ಗೊತ್ತಿಲ್ಲ. ಬಸುರಿಯ ಕಿವಿಗೆ ಸಾವಿನ ಮಾತು ಹಾಕಬಾರದಲ್ಲ. ಅವರು ಹೋದಾಗ ಅವಳು ಸೊರಬದಲ್ಲಿ ಗಂಡನ ಮನೆಯಲ್ಲಿದ್ದಳು. ಹೆರಿಗೆಗೆ ಬಂದ ಮೇಲೆ ಕೇಳಿದಾಗಲೆಲ್ಲ, "ದಾವಣಗೆರೆಯಾಗೆ ಮಗಳ ಮನಿಗೆ ಹೋಗ್ಯಾರೆ," ಅಂದೆವು. ಬೀದಿಯವರಿಗೂ ಹೇಳಿಕೊಟ್ಟೆವು. ಬಾಣಂತನ ಮುಗಿದು, ಮೈ ಗಟ್ಟಿಯಾದ ಮೇಲೆ ನಾನೇ ಹೇಳುತ್ತೇನೆ. ನಾನು ಮೂರನೇ ಇಯತ್ತೆ ಓದಿದವಳು. ದೊಡ್ಡ ದೊಡ್ಡ ಮಾತು ಬರೆಯಲು ಬರುವುದಿಲ್ಲ. ಕಂಡದ್ದನ್ನು ಕಂಡ ಹಾಗೆ ಬರೆಯುತ್ತೇನೆ.

ಶಿಕಾರಿಪುರದ ಪೇಟೆಯಲ್ಲಿ ಅವರ ಸ್ಟುಡಿಯೋ ಮಹಡಿಯ ಮೇಲೆ, ನನ್ನ ಹೂವಿನ ಅಂಗಡಿ ಮೆಟ್ಟಿಲ ಕೆಳಗೆ. ಅಂಗಡಿ ಅಂದರೆ ಒಂದು ಮಣೆ, ಒಂದು ಬುಟ್ಟಿ, ಒಂದು ಒದ್ದೆ ಗೋಣಿಚೀಲ, ಅಷ್ಟೇ. ಸಾಬರು ಎತ್ತರದ ಆಳು, ತೆಳ್ಳಗೆ. ಬೆರಳ ತುದಿಗಳು ಯಾವಾಗಲೂ ಕಂದು ಬಣ್ಣ, ಫೋಟೋ ತೊಳೆಯುವ ಔಷಧಿಯಿಂದ. ಊಟಕ್ಕೆ ಮುಂಚೆ ಹುಣಸೆಹಣ್ಣು ಹಚ್ಚಿ ಉಜ್ಜುತ್ತಿದ್ದರು, ಹೋಗುತ್ತಿರಲಿಲ್ಲ.

"ನಿಮ್ಮ ಕೈಗೆ ಹೂವಿನ ವಾಸನೆ, ನನ್ನ ಕೈಗೆ ಔಷಧಿ ವಾಸನೆ. ಹೂವಮ್ಮ, ಕೈ ಬದಲಾಯಿಸ್ಕೊಳ್ಳೋಣ ಏನ್ರಿ?" ಅನ್ನುತ್ತಿದ್ದರು.

"ಬ್ಯಾಡ್ರಪ್ಪ, ಆ ಕೈಲಿ ಕಟ್ಟಿದ ದಂಡೆ ಯಾರು ಮುಡೀತಾರೆ?" ಅಂತ ನಾನು.

ಅವರ ಹತ್ತಿರ ಮೂರು ಕ್ಯಾಮೆರಾ ಇದ್ದವು. ಒಂದು ಮುಸುಕಿನದು. ಸಾಗುವಾನಿ ಪೆಟ್ಟಿಗೆ, ಮುಂದೆ ಗಾಜಿನ ಕಣ್ಣು, ನಡುವೆ ಹಾರ್ಮೋನಿಯಂ ತಿದಿಯ ಹಾಗೆ ಚರ್ಮ, ಕೆಳಗೆ ಮೂರು ಕಾಲು. ಹಿಂದೆ ಕರಿಬಟ್ಟೆ ಹೊದ್ದು ತಲೆ ತೂರಿಸಿದರೆ ಗಾಜಿನ ಮೇಲೆ ಮನುಷ್ಯರೆಲ್ಲ ತಲೆಕೆಳಗಾಗಿ ಕಾಣುತ್ತಿದ್ದರು. ಇನ್ನೊಂದು ಎದೆ ಕ್ಯಾಮೆರಾ. ಒಂದರ ಮೇಲೊಂದು ಎರಡು ಕಣ್ಣು, ಎದೆಯ ಹತ್ತಿರ ಹಿಡಿದು ತಲೆ ಬಗ್ಗಿಸಿ ನೋಡಬೇಕು. ಮೂರನೆಯದು ಚಿಕ್ಕದು, ಕಣ್ಣಿಗೇ ಒತ್ತಿ ಹಿಡಿಯುವುದು. ಅದನ್ನು ಬೊಂಬಾಯಿಯಿಂದ ಬಂದ ಅವರ ಷಡ್ಡಕ ಕೊಟ್ಟಿದ್ದ.

ಯಾರಾದರೂ ಮೆಟ್ಟಿಲು ಹತ್ತುವ ಸದ್ದು ಕೇಳಿದರೆ ಸಾಕು, ಯಾವ ಕ್ಯಾಮೆರಾ ಅಂತ ಮೇಲೆ ಕೂತೇ ತೀರ್ಮಾನ ಮಾಡುತ್ತಿದ್ದರು. ಭಾರದ ಹೆಜ್ಜೆ, ಗುಂಪು ಹೆಜ್ಜೆ ಆದರೆ ಮುಸುಕಿನದು. ಬಳೆ ಸದ್ದು, ಪಿಸುಗುಟ್ಟುವ ಸದ್ದಾದರೆ ಎದೆಯದು. ದಡದಡ ಓಡಿಬಂದರೆ ಚಿಕ್ಕದು. ಹೊಸ ಮದುಮಗಳಿಗೆ ಎದೆ ಕ್ಯಾಮೆರಾ ಯಾಕೆ ಅಂತ ಒಮ್ಮೆ ಕೇಳಿದ್ದೆ.

"ಕಣ್ಣಿಗೆ ಹಿಡಿದು ನೋಡಿದ್ರೆ ಆ ಹುಡುಗಿಗೆ ಯಾವನೋ ಗಂಡಸು ದಿಟ್ಟಿಸಿ ನೋಡಿದಂಗೆ ಆಗ್ತದೆ. ಇದ್ರಲ್ಲಿ ನಾನು ತಲೆ ತಗ್ಗಿಸ್ತೀನಿ. ಎದುರಿನವ ತಲೆ ತಗ್ಗಿಸಿದ ಮೇಲೆ ಅವಳಿಗೆ ತಲೆ ಎತ್ತೋಕೆ ಧೈರ್ಯ ಬರ್ತದೆ," ಅಂದರು.

ಅವರು ಯಾರಿಗೂ "ನಗಿ" ಅಂದವರಲ್ಲ. "ಹೇಳಿ ತರಿಸಿದ ನಗು ತೊಳೆದ್ರೆ ಹೋಗ್ತದೆ," ಅನ್ನುತ್ತಿದ್ದರು. ಕಾಯುತ್ತಿದ್ದರು. ಕೆಲವರಿಗೆ ಕಾದು ಕಾದು ಬಿಸಿಲೇ ಇಳಿದುಹೋಗಿ, ನಾಳೆ ಬನ್ನಿ ಎಂದು ಕಳಿಸಿದ್ದೂ ಉಂಟು.

ಹೋರಿ ಹಬ್ಬದ ಕಥೆ ಹೇಳದಿದ್ದರೆ ಅವರನ್ನು ಹೇಳಿದ ಹಾಗೆ ಆಗುವುದಿಲ್ಲ. ದೀಪಾವಳಿ ಕಳೆದ ಮೇಲೆ ನಮ್ಮ ಕಡೆ ಹೋರಿ ಬೆದರಿಸುತ್ತಾರಲ್ಲ, ಆಗ ಹೋರಿ ಸಾಕಿದ ಒಬ್ಬ ಗೌಡರು ಸ್ಟುಡಿಯೋಕ್ಕೆ ಬಂದರು. ಓಡುವ ಹೋರಿಯ ಫೋಟೋ ಬೇಕು ಅಂತ. ಸಾಬರು ಚಿಕ್ಕ ಕ್ಯಾಮೆರಾ ಹೆಗಲಿಗೆ ಹಾಕಿಕೊಂಡರು. ಗೌಡರಿಗೆ ಸಿಟ್ಟು ಬಂತು.

"ಏನ್ ಸಾಬ್ರೇ, ನನ್ನ ಹೋರಿ ಅಂದ್ರೆ ಏನಂತ ತಿಳಿದೀರಿ? ಆನೆ ಇದ್ದಂಗೈತಿ. ಆ ಬೆಂಕಿಪಟ್ಟಣದಾಗೆ ಹಿಡಿಸ್ತತೇನ್ರಿ ಅದು?"

"ಗೌಡ್ರೇ, ಓಡೋದಕ್ಕೆ ಇದೇ ಸರಿ. ಇದರ ರೆಪ್ಪೆ ಬೇಗ ಬಡೀತದೆ. ದೊಡ್ಡದು ಮುದುಕ, ಅದು ರೆಪ್ಪೆ ಬಡಿಯೋದ್ರೊಳಗೆ ನಿಮ್ಮ ಹೋರಿ ಸೊರಬ ಮುಟ್ಟಿರ್ತದೆ."

"ಅದೆಲ್ಲ ಬ್ಯಾಡ. ದೊಡ್ಡ ಹೋರಿಗೆ ದೊಡ್ಡ ಕ್ಯಾಮೆರಾನೇ ಬರಬೇಕು. ಮಂದಿ ಮುಂದೆ ನನಗೊಂದು ಮರ್ಯಾದಿ ಇಲ್ಲೇನು?"

ಸಾಬರು ಎರಡೂ ಹೊತ್ತುಕೊಂಡು ಹೋದರು. ಗೌಡರ ಮರ್ಯಾದೆಗೆ ಮುಸುಕು ಹೊದ್ದು ನಿಂತು ದೊಡ್ಡದರಲ್ಲಿ ಒಂದು, ಹಿಂದೆಯೇ ಹೊರಬಂದು ಚಿಕ್ಕದರಲ್ಲಿ ಒಂದು. ದೊಡ್ಡದರಲ್ಲಿ ಹೋರಿ ಬಂದಿರಲೇ ಇಲ್ಲ, ಒಂದು ಬೆಳ್ಳನೆಯ ಹೊಗೆ ಬಂದಿತ್ತು, ಹೊಗೆಯ ತುದಿಯಲ್ಲಿ ಕೊಂಬಿಗೆ ಕಟ್ಟಿದ್ದ ಒಂದು ಬಲೂನು. ಚಿಕ್ಕದರಲ್ಲಿ ಕೊಂಬು, ಕೊಬ್ಬರಿ ಹಾರ, ಎದ್ದ ದೂಳು ಎಲ್ಲ ಇತ್ತು. ಗೌಡರು ಎರಡನ್ನೂ ನೋಡಿ ಹೊಗೆಯದನ್ನೇ ಕಟ್ಟು ಹಾಕಿಸಿದರು. "ನೋಡ್ರಲೇ, ನನ್ನ ಹೋರಿ ಓಡಿದ್ದು ಕ್ಯಾಮೆರಾಕ್ಕೂ ಕಂಡಿಲ್ಲ!" ಎಂದು ಬಂದವರಿಗೆಲ್ಲ ತೋರಿಸುತ್ತಿದ್ದರಂತೆ. ಸಾಬರು ಅದನ್ನು ನನಗೆ ಹೇಳುವಾಗ ನಕ್ಕು ನಕ್ಕು ಮೆಟ್ಟಿಲ ಮೇಲೆ ಕೂತುಬಿಟ್ಟಿದ್ದರು. ಅವರು ಹಾಗೆ ನಕ್ಕಿದ್ದನ್ನು ನಾನು ಆಮೇಲೆ ಕಾಣಲಿಲ್ಲ.

ಮುಸುಕಿನ ಕ್ಯಾಮೆರಾಕ್ಕೆ ಇನ್ನೊಂದು ಕೆಲಸ ಇತ್ತು, ಸಾವಿನ ಮನೆಯದು. ನಮ್ಮವರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ವಿಭೂತಿ ಹಚ್ಚಿ ಹೂವು ಹಾಕಿ ಕೂರಿಸುತ್ತೇವೆ. ಬದುಕಿದ್ದಾಗ ಒಂದು ಫೋಟೋ ತೆಗೆಸದವರು ಕೂಡ ಅವತ್ತು ಮಣ್ಣಿಗೆ ಹೋಗುವ ಮುಂಚೆ ತೆಗೆಸುತ್ತಾರೆ. ಸುತ್ತ ಮಕ್ಕಳು ಮೊಮ್ಮಕ್ಕಳು ನಿಲ್ಲಬೇಕು, ಪ್ರತಿ ಮುಖವೂ ಕಾಣಬೇಕು. ಅದಕ್ಕೆ ದೊಡ್ಡದೇ ಬೇಕು. ಸಾಬರು ಒಮ್ಮೆ ಹೇಳಿದ್ದರು: "ಆ ಫೋಟೋದಲ್ಲಿ ಸ್ಪಷ್ಟ ಬರೋದು ಹೋದವರೊಬ್ಬರೇ ಹೂವಮ್ಮ. ಇದ್ದವರೆಲ್ಲ ಬಿಕ್ಕಿ ಬಿಕ್ಕಿ ಅಲ್ಲಾಡಿರ್ತಾರೆ." ಸಾವಿನ ಮನೆಯಿಂದ ಬಂದ ದಿನ ಆ ಕ್ಯಾಮೆರಾಕ್ಕೆ ಲೋಬಾನದ ಹೊಗೆ ಹಾಕಿ, ಮರುದಿನದವರೆಗೆ ಮೂಲೆಯಲ್ಲಿ ನಿಲ್ಲಿಸುತ್ತಿದ್ದರು. ಅವರಿಗೇನು ಸೂತಕದಲ್ಲಿ ನಂಬಿಕೆ ಇರಲಿಲ್ಲ. "ಬಂದೋರಿಗೆ ಮನಸ್ಸಿಗೆ ಹಿಂಸೆ ಆಗಬಾರದು, ಅಷ್ಟೇ," ಅನ್ನುತ್ತಿದ್ದರು.

ಗಿರಿಜೆ ಮೊದಲ ಸಲ ಬಸುರಿಯಾದದ್ದು ಎಮರ್ಜೆನ್ಸಿ ಬರುವ ಹಿಂದಿನ ವರ್ಷ. ಏಳನೆಯ ತಿಂಗಳಲ್ಲಿ ಕುಬಸ, ಅಂದರೆ ಸೀಮಂತ, ಮಾಡಿದೆವು. ಸೊರಬದಿಂದ ಬೀಗರು ಬಂದರು. ಮಗಳಿಗೆ ಮೊಗ್ಗಿನ ಜಡೆ ನಾನೇ ಹೆಣೆದೆ. ಊರಿನ ಎಷ್ಟೋ ಹುಡುಗಿಯರಿಗೆ ಹೆಣೆದ ಕೈ, ಅವತ್ತು ಯಾಕೋ ಮತ್ತೆ ಮತ್ತೆ ಬಿಚ್ಚಿ ಹೆಣೆಯಿತು. ಸುರಗಿ, ಮಲ್ಲಿಗೆ ಮೊಗ್ಗು, ನಡುವೆ ಕನಕಾಂಬರ. ಜಡೆ ಹೆಣೆದ ಮೇಲೆ ಫೋಟೋ ಆಗಲೇಬೇಕು, ಅದು ಪದ್ಧತಿ. ಮುಂದೆ ಹುಡುಗಿ, ಹಿಂದೆ ನಿಲುವುಗನ್ನಡಿ. ಮುಖವೂ ಕಾಣಬೇಕು, ಕನ್ನಡಿಯಲ್ಲಿ ಜಡೆಯೂ ಕಾಣಬೇಕು.

ಎಲ್ಲರೂ ಸ್ಟುಡಿಯೋಕ್ಕೆ ಹೋದೆವು. ಸಾಬರು ಮೊದಲು ಎದೆ ಕ್ಯಾಮೆರಾ ಎತ್ತಿಕೊಂಡರು. ನೋಡಿದರು, ಇಟ್ಟರು. ಕಿಟಕಿ ಹತ್ತಿರ ಹೋಗಿ ನಿಂತರು. ಮತ್ತೆ ಎತ್ತಿಕೊಂಡರು.

"ಏನಾತ್ರಿ ಸಾಬ್ರೇ?" ಅಂದೆ.

"ಇದ್ರಲ್ಲಿ ಮೇಲಿನ ಕಣ್ಣು ನೋಡ್ತದೆ, ಕೆಳಗಿನ ಕಣ್ಣು ತೆಗೀತದೆ. ಕನ್ನಡಿ ಎದುರು ಇಬ್ಬರ ಮಾತೂ ಒಂದಾಗಲ್ಲ, ಜಡೆ ತುದಿ ಕಡಿದು ಹೋಗ್ತದೆ. ಮತ್ತೆ ಮುಖ ಹತ್ತಿರ ಐತೆ, ಕನ್ನಡಿಯೊಳಗಿನ ಜಡೆ ಬಲು ದೂರ ಐತೆ. ಎರಡನ್ನೂ ಕೂಡಿಸಿ ಹಿಡಿಯೋದು ಆ ಮುದುಕನೇ." ಹೀಗಂದು ಮೂಲೆಯಲ್ಲಿದ್ದ ಮುಸುಕಿನ ಕ್ಯಾಮೆರಾ ನೋಡಿದರು. ನನಗೆ ಆಗ ಅದರ ಅರ್ಥ ಆಗಲಿಲ್ಲ. ಕೋಣೆಯಲ್ಲಿ ಲೋಬಾನದ ವಾಸನೆ ಇತ್ತು, ಅದು ಯಾವಾಗಲೂ ಇರುವುದೇ.

"ನಾಳೆ ತೆಗೆದ್ರೆ ಆಗಲ್ವಾ?" ಅಂದರು.

"ಮೊಗ್ಗು ನಾಳೆವರೆಗೆ ಮೊಗ್ಗಾಗೇ ಇರ್ತಾವೇನ್ರಿ?" ಎಂದು ಬೀಗಿತ್ತಿ ನಕ್ಕರು. "ಸಂಜೆ ಬಸ್ಸಿಗೆ ನಾವು ಹೊರಡಬೇಕು. ಬೇಗ ತೆಗೀರಿ ಮಾರಾಯ್ರೇ."

ಸಾಬರು ಮುಸುಕು ಹೊದ್ದರು. "ಬೇಟಿ, ಉಸಿರು ಹಿಡಿ," ಎಂದರು. ಗಿರಿಜೆ ಹಿಡಿದಳು.

ಎಂಥ ಫೋಟೋ ಅದು! ಒಂದೊಂದು ಮೊಗ್ಗನ್ನೂ ಎಣಿಸಬಹುದಿತ್ತು. ಗಿರಿಜೆಯ ಮುಖದಲ್ಲಿ, ಹೇಳಿದರೆ ನಂಬಲಿಕ್ಕಿಲ್ಲ, ಹೊಟ್ಟೆಯೊಳಗೆ ಮಗು ಒದ್ದಾಗ ಹೆಣ್ಣುಮಕ್ಕಳಿಗೆ ಬರುವ ಒಂದು ಕಳೆ ಇರುತ್ತದಲ್ಲ, ಅದು ಇತ್ತು. ಸಾಬರೇ ಅದನ್ನು ಬಹಳ ಹೊತ್ತು ನೋಡುತ್ತಾ ಕೂತಿದ್ದರು. "ಇದಕ್ಕಿಂತ ಮೇಲೆ ನನ್ನ ಕೈಲಿ ಆಗಲ್ಲ ಹೂವಮ್ಮ," ಅಂದರು.

ಎಂಟನೆಯ ತಿಂಗಳಲ್ಲಿ ಮಗು ಹೊಟ್ಟೆಯಲ್ಲೇ ತಣ್ಣಗಾಯಿತು. ಗಂಡು.

ಅದಾಗಿ ಸ್ವಲ್ಪ ದಿನಕ್ಕೆ ಬೀಗಿತ್ತಿ ಸೊರಬದ ಹತ್ತಿರದ ಉಳವಿಯ ನೆಂಟರ ಮನೆಗೆ ಹೋದಾಗ ಮಾತಿಗೆ ಮಾತು ಬಂದು ಗೊತ್ತಾಯಿತಂತೆ. ನಮ್ಮ ಕುಬಸದ ದಿನವೇ ಬೆಳಗ್ಗೆ ಉಳವಿಯಲ್ಲಿ ಒಬ್ಬ ಮುದುಕರು ತೀರಿಕೊಂಡಿದ್ದರು, ಕೂರಿಸಿ ಫೋಟೋ ತೆಗೆದವರು ಇದೇ ಸಾಬರು, ಇದೇ ಕ್ಯಾಮೆರಾದಲ್ಲಿ. ಬೀಗಿತ್ತಿ ಮುಂದಿನ ಬಸ್ಸಿಗೇ ಶಿಕಾರಿಪುರಕ್ಕೆ ಬಂದರು. ನಮ್ಮ ಮನೆಗೆ ಬರಲಿಲ್ಲ. ಸ್ಟುಡಿಯೋ ಮೆಟ್ಟಿಲ ಕೆಳಗೆ, ನನ್ನ ಬುಟ್ಟಿಯ ಮುಂದೆ ನಿಂತು ಮೇಲಕ್ಕೆ ಮುಖ ಮಾಡಿ ಕೂಗಿದರು.

"ಹೆಣ ನೋಡಿದ ಕಣ್ಣಾಗೆ ನನ್ನ ಸೊಸೇನ ನೋಡಿದ್ಯಲ್ಲ, ನಿನ್ನ ಕಣ್ಣಿಗೆ ನನ್ನ ಮೊಮ್ಮಗನೇ ಬೇಕಿತ್ತೇನು?"

ಸಾಬರು ಮೆಟ್ಟಿಲ ಮೇಲೆ ಬಂದು ನಿಂತರು. ಪೇಟೆಯ ಜನ ಸೇರಿತು. ನಾನು ಬೀಗಿತ್ತಿಯ ಕೈ ಹಿಡಿದು, "ಅಕ್ಕಾ, ನಮ್ಮಲ್ಲಿ ಸೂತಕವೇ ಇಲ್ಲ ಅಂತಾರಲ್ಲ, ಯಾಕಕ್ಕಾ ಹಿಂಗೆ?" ಅಂದೆ. ಅವರು ಕೈ ಕೊಡವಿಕೊಂಡರು. ನಿಜವಾಗಿ ನೋಡಿದರೆ ನಾವು ಹೆತ್ತ ಮನೆಗೂ ಸತ್ತ ಮನೆಗೂ ಸೂತಕ ಹಿಡಿಯದ ಜನ. ಹೆಣ ಮುಟ್ಟಿದ ಕೈಯಲ್ಲೇ ಊಟ ಬಡಿಸಿದರೆ ಉಣ್ಣುತ್ತೇವೆ. ಮನುಷ್ಯರಿಗೆ ಇಲ್ಲದ ಸೂತಕವನ್ನು ತಂದು ಒಂದು ಮರದ ಪೆಟ್ಟಿಗೆಗೆ ಅಂಟಿಸಿದೆವು. ಹಾಗೆಂದು ಬೀಗಿತ್ತಿಯನ್ನು ಬೈಯಲೂ ನನಗೆ ಬಾಯಿ ಬರಲಿಲ್ಲ. ಮೊದಲ ಮೊಮ್ಮಗ ಹೋದ ಸಂಕಟ ಎಲ್ಲಾದರೂ ಹೋಗಿ ಬೀಳಬೇಕಲ್ಲ.

ಆಮೇಲೆ ಬಸುರಿಯರು ಬರುವುದು ನಿಂತಿತು, ಮದುವೆಯವರು ಕಡಿಮೆಯಾದರು. ಅದನ್ನು ಅವರು ಸಹಿಸುತ್ತಿದ್ದರೋ ಏನೋ. ಅವರನ್ನು ತಿಂದದ್ದು ಬೇರೆ. ಯಾವುದನ್ನೂ ನಂಬದಿದ್ದ ಮನುಷ್ಯ ಇದನ್ನು ನಂಬಲು ಶುರುಮಾಡಿದರು. ಆ ಫೋಟೋದ ನೆಗೆಟಿವ್ ಕೇಳಿದೆ, ನನಗೊಂದು ಪ್ರತಿ ಹಾಕಿಕೊಡಿ ಅಂತ. "ಒಲೆಗೆ ಹಾಕಿದೆ," ಅಂದರು. ಸೊರಬದಲ್ಲಿ ಬೀಗರು ಗೋಡೆಯಿಂದ ಇಳಿಸಿ ತೆಗೆದುಹಾಕಿದ್ದರು. ಅಲ್ಲಿಗೆ ಅದು ಎಲ್ಲೂ ಇಲ್ಲವಾಯಿತು.

ಮುಸುಕಿನ ಕ್ಯಾಮೆರಾಕ್ಕೆ ಅದರದೇ ಕರಿಬಟ್ಟೆ ಹೊದಿಸಿ ಮೂಲೆಗೆ ನಿಲ್ಲಿಸಿದರು. ಕ್ಯಾಸನೂರು ಕಡೆಯ ಶಾಲೆಯವರು ವರ್ಷದ ಗ್ರೂಪ್ ಫೋಟೋಕ್ಕೆ ಕರೆಯಲು ಬಂದರೆ, "ಕಾಲು ಮುರಿದಿದೆ," ಅಂದರು. ಅವರ ಕಾಲೋ ಕ್ಯಾಮೆರಾದ ಕಾಲೋ ಎಂದು ಮೇಷ್ಟ್ರು ನನ್ನನ್ನು ಕೇಳಿಕೊಂಡು ಹೋದರು. ಸಾಲದ ಅರ್ಜಿಗೆ ಅಂಟಿಸುವ ಚಿಕ್ಕ ಚಿಕ್ಕ ಫೋಟೋ ತೆಗೆಯುತ್ತಾ ದಿನ ದೂಡಿದರು.

ಒಂದು ಸಲ ಗಿರಿಜೆ ತೌರಿಗೆ ಬಂದವಳು ನನಗೂ ಹೇಳದೆ ಸೀದಾ ಮೇಲೆ ಹೋದಳು. ಹಿಂದೆಯೇ ನಾನೂ ಹತ್ತಿದೆ. ಅವಳು ಸ್ಟೂಲಿನ ಮೇಲೆ ಕೂತು, "ಸಾಬ್ರೇ, ನನ್ನದೊಂದು ಫೋಟೋ ತೆಗೀರಿ. ಮುಸುಕಿನದರಾಗೇ ತೆಗೀರಿ," ಅಂದಳು.

"ಬೇಡ ಬೇಟಿ."

"ನನ್ನ ಹೊಟ್ಟೆಯಾಗೆ ಆಗಿದ್ದು ನನಗೊತ್ತು. ಡಾಕ್ಟ್ರು ಹೇಳ್ಯಾರೆ, ಹೊಕ್ಕುಳಬಳ್ಳಿ ಸುತ್ತಿಕೊಂಡಿತ್ತಂತೆ. ನಿಮ್ಮ ಪೆಟ್ಟಿಗೆ ಏನ್ ಮಾಡೈತಿ?"

"ಏನೂ ಮಾಡಿಲ್ಲ. ನನಗೂ ಗೊತ್ತು," ಅಂದರು ಸಾಬರು. "ಗೊತ್ತಿರೋದು ಬೇರೆ, ಕೈ ನಡುಗೋದು ಬೇರೆ, ಬೇಟಿ. ನಿನಗೊಂದು ಮಗು ಆಗಲಿ. ಅದನ್ನ ತೊಡೆ ಮೇಲೆ ಇಟ್ಕೊಂಡು ಬಂದು ಇಲ್ಲೇ ಕೂರು. ಆವತ್ತು ಮುಸುಕು ಹೊದ್ಕೋತೀನಿ."

"ಆಗದಿದ್ರೆ?"

ಸಾಬರು ಕಿಟಕಿ ಕಡೆ ತಿರುಗಿದರು. ಗಿರಿಜೆ ಎದ್ದು ಬಂದಳು. ಮೆಟ್ಟಿಲಿಳಿಯುವಾಗ, "ಅವ್ವಾ, ನನಗಿಂತ ಅವರಿಗೇ ಪಾಪ ಬೇಗ ಮಗು ಆಗಬೇಕು," ಎಂದಳು. ಅಷ್ಟು ದುಃಖದಲ್ಲೂ ತಾಯಿ ಮಗಳಿಬ್ಬರೂ ನಕ್ಕೆವು.

ವರ್ಷಗಳು ಹೋದವು. ಈ ಯುಗಾದಿ ಮುಂದೆ ಗಿರಿಜೆಗೆ ಮತ್ತೆ ಬಸಿರು ನಿಂತಿದೆ ಅಂತ ಸುದ್ದಿ ಬಂತು. ಮೂರು ತಿಂಗಳು ತುಂಬುವ ಮುಂಚೆ ಯಾರಿಗೂ ಹೇಳಬಾರದು, ಆದರೂ ನಾನು ಅವರೊಬ್ಬರಿಗೆ ಹೇಳಿದೆ. ಕೇಳಿದವರೇ ಸರಕ್ಕನೆ ಒಳಗೆ ಹೋದರು. ಕೋಪ ಬಂತೋ ಏನೋ ಅಂತ ಬಗ್ಗಿ ನೋಡಿದರೆ ಕರಿಬಟ್ಟೆ ತೆಗೆದು ಕಿಟಕಿಯಲ್ಲಿ ಝಾಡಿಸುತ್ತಿದ್ದರು. ಅವತ್ತಿನಿಂದ ದಿನಾ ಒಂದು ಸಲ ಕೆಳಗೆ ಬಂದು, "ಹೂವಮ್ಮ, ಸೊರಬದ ಬಸ್ಸಲ್ಲಿ ಯಾರಾದ್ರೂ ಬಂದ್ರಾ? ಬೇಟಿ ಹೆಂಗಿದ್ದಾಳಂತೆ?" ಎಂದು ಕೇಳುವರು. ತಿದಿಯ ಚರ್ಮ ಬಿರಿದಿತ್ತು, ಅದಕ್ಕೆ ತೇಪೆ ಹಾಕಿದರು. ಕಾಲಿನ ತಿರುಪಿಗೆ ಎಣ್ಣೆ ಬಿಟ್ಟರು. ಶಿವಮೊಗ್ಗದಿಂದ ಹೊಸ ಫಿಲ್ಮು ತರಿಸಿದರು. "ಎಳೆಮಗುವಿಗೆ ಮುಸುಕಿನದು ಸರಿ ಅಲ್ಲ, ಅಲ್ಲಾಡ್ತದೆ," ಎಂದು ತಮಗೆ ತಾವೇ ಹೇಳಿಕೊಳ್ಳುವರು. ಮತ್ತೆ, "ಹಾಲು ಕುಡಿದು ಮಲಗಿದಾಗ ತೆಗೆದ್ರೆ ಆಯ್ತು," ಅನ್ನುವರು.

ಎದೆಯಲ್ಲಿ ಕೆಮ್ಮು ಮೊದಲಿಂದಲೂ ಇತ್ತು. ಆಷಾಢದ ಗಾಳಿಗೆ ಜೋರಾಯಿತು. ಎರಡು ವಾರ ಹಾಸಿಗೆ ಹಿಡಿದರು. ನೋಡಲು ಹೋದರೆ ಮಾತಾಡಲು ಆಗುತ್ತಿರಲಿಲ್ಲ, ಬೆರಳು ಮಡಿಸಿ ತಿಂಗಳು ಲೆಕ್ಕ ಹಾಕಿ ನನ್ನ ಮುಖ ನೋಡಿದರು. ನಾನು ಹೌದೆಂದು ತಲೆಯಾಡಿಸಿದೆ. ಆಷಾಢದಲ್ಲೇ ಒಂದು ಶುಕ್ರವಾರ ಹೋದರು.

ಮೊನ್ನೆ ಸೋಮವಾರ ಮಗು ಹುಟ್ಟಿದ ಮೇಲೆ, ಮಧ್ಯಾಹ್ನ ಸಕ್ಕರೆ ತೆಗೆದುಕೊಂಡು ಅವರ ಮನೆಗೆ ಹೋದೆ. ಅವರ ಹೆಂಡತಿ ಬಾಗಿಲಲ್ಲೇ ಸುದ್ದಿ ಏನೆಂದು ಗುರುತು ಹಿಡಿದರು. ಸಕ್ಕರೆ ಬಾಯಿಗೆ ಹಾಕಿಕೊಂಡರು, ನನ್ನ ಬಾಯಿಗೂ ಹಾಕಿದರು. ಆಮೇಲೆ ಗೋಡೆ ಕಡೆ ತಿರುಗಿ ಗಂಡನಿಗೆ ಬೈಯಲು ಶುರುಮಾಡಿದರು.

"ಯಾರ್ಯಾರಿಗೋ ನಗು ಬರೋವರೆಗೂ ಕಾಯ್ತಿತ್ತಲ್ಲ ಈ ಮನುಷ್ಯ, ಇನ್ನೊಂದಿಷ್ಟು ದಿನ ಕಾಯೋಕೆ ಏನಾಗಿತ್ತಮ್ಮ ಇದಕ್ಕೆ?"

ಇಬ್ಬರೂ ಅತ್ತೆವು. ನಾನು ಮುಖ ತೊಳೆದುಕೊಂಡು ಮನೆಗೆ ಬಂದೆ. ಬಾಣಂತಿಯ ಮುಂದೆ ಅತ್ತ ಕಣ್ಣಲ್ಲಿ ಹೋಗಬಾರದಲ್ಲ.

ಸಂಜೆ ಬಸ್ಸಿಗೆ ಅಳಿಯ ಬಂದ, ಬೀಗರು ಬಂದರು, ಬೀಗಿತ್ತಿಯೂ ಬಂದರು. ಬೀಗಿತ್ತಿ ಮಗುವನ್ನು ಎತ್ತಿಕೊಂಡವರು ಬಿಡಲೊಲ್ಲರು. ಅಡುಗೆಮನೆಗೆ ಬಂದಾಗ ನಾನು ಮೆಲ್ಲಗೆ ಸಾಬರ ಸುದ್ದಿ ಹೇಳಿದೆ, ಗಿರಿಜೆಗೆ ಗೊತ್ತಿಲ್ಲ ಎಂದೂ ಹೇಳಿದೆ. ಅವರಿಗೆ ಸೊರಬದಲ್ಲಿ ಯಾರೂ ಹೇಳಿರಲಿಲ್ಲ. ಕೈಯಲ್ಲಿದ್ದ ರೊಟ್ಟಿಯ ಬುಟ್ಟಿ ಹಿಡಿದು ಹೊರಗೆ ಹೋದರು.

ಎಲ್ಲರೂ ಸಾಲಾಗಿ ಊಟಕ್ಕೆ ಕೂತೆವು. ರೊಟ್ಟಿ, ಎಣ್ಣೆಗಾಯಿ, ಶಾವಿಗೆ ಪಾಯಸ. ಅಳಿಯ ಮಗುವಿನ ಮೂಗು ತನ್ನ ಹಾಗೆ ಅಂದ, ಯಜಮಾನರು ಅಲ್ಲ ನನ್ನ ಹಾಗೆ ಅಂದರು, ಬೀಗರು ಸದ್ಯ ಇಬ್ಬರದೂ ಆಗದಿದ್ದರೆ ಸಾಕು ಅಂದರು. ನಗುವೋ ನಗು. ಅಷ್ಟರಲ್ಲಿ ಬಾಣಂತಿ ಕೋಣೆಯಿಂದ ಗಿರಿಜೆಯ ದನಿ.

"ಅವ್ವಾ, ಸಾಬ್ರು ಮಗಳ ಮನಿಯಿಂದ ಬಂದ್ರಾ? ಸುದ್ದಿ ಮುಟ್ಟಿಸಿದ್ಯಾ?"

ಎಲ್ಲರ ಕೈಯೂ ತಟ್ಟೆಯಲ್ಲೇ ನಿಂತಿತು. ಅಷ್ಟು ದಿನ ಸಲೀಸಾಗಿ ಸುಳ್ಳು ಹೇಳಿದವಳು ನಾನು, ಈಗ ನಾಲಿಗೆ ಏಳಲಿಲ್ಲ. ಯಜಮಾನರು ನನ್ನ ಮುಖ ನೋಡಿದರು. ಆಗ ಬೀಗಿತ್ತಿ ಕೋಣೆಯ ಕಡೆ ಮುಖ ಮಾಡಿ, ಗಟ್ಟಿಯಾಗಿ ಹೇಳಿದರು.

"ಮುಟ್ಟಿಸೀವಿ ಕಣಮ್ಮ. ನಾನೇ ಹೇಳಿ ಕಳಿಸೀನಿ. ಬರ್ತಾರೆ."

ಒಳಗಿಂದ ಮೆಲ್ಲಗೆ, "ನೀವೇನಾ ಅತ್ತೆ? ಯಾವ ಕ್ಯಾಮೆರಾ ತರೋಕೆ ಹೇಳಿದ್ರಿ?"

"ಆ ದೊಡ್ಡದೇ. ಮುಸುಕಿಂದೇ ತಗೊಂಡು ಬರ್ರಿ ಅಂದೀನಿ. ಮಗು ಅಲ್ಲಾಡದಂಗೆ ನಾನೇ ತೊಡೆ ಮೇಲೆ ಹಿಡ್ಕೊಂಡು ಕೂರ್ತೀನಿ ಅಂದೀನಿ. ಆತಾ? ನೀನೀಗ ಮಲಕ್ಕೋ."

"ಆತು ಅತ್ತೆ," ಎಂದಳು ಗಿರಿಜೆ. ಅವಳ ದನಿಯಲ್ಲಿ ಅಂಥ ಸಂತೋಷ ನಾನು ಬೆಳಗ್ಗೆಯೂ ಕೇಳಿರಲಿಲ್ಲ.

ಬೀಗಿತ್ತಿ ತಟ್ಟೆಗೆ ತಲೆ ಬಗ್ಗಿಸಿದರು. ರೊಟ್ಟಿ ಮುರಿದರು, ಬಾಯಿಗೆ ಇಡಲು ಆಗಲಿಲ್ಲ. ನಾನು ಎದ್ದು ಅವರ ಬಟ್ಟಲಿಗೆ ಪಾಯಸ ಬಡಿಸಿದೆ. ಯಾವಾಗಲೂ ಸಾಕು ಸಾಕು ಎಂದು ಕೈ ಅಡ್ಡ ಹಿಡಿಯುವವರು ಅವತ್ತು ಹಿಡಿಯಲಿಲ್ಲ. ಅವರ ಪಕ್ಕದಲ್ಲೇ ಕೂತೆ. ಒಬ್ಬರಾದ ಮೇಲೊಬ್ಬರು ಮತ್ತೆ ಉಣ್ಣಲು ಶುರುಮಾಡಿದೆವು.